ಸ್ಕೈರಿಮ್‌ನ ಪದಗೋಡೆ ಮತ್ತು ಶಲವಡಿಯ ವೀರಗಲ್ಲು

ಶಾಸನ, ವೀರಗಲ್ಲುಗಳ ಮಾತಿನ ನಡುವೆ ಈ ಸಲ ಒಂದು ವಿಡಿಯೋ ಗೇಮನ್ನು ತರುತ್ತಿದ್ದೇನೆ. ಓದುಗ ಮಿತ್ರರು ಸ್ವಲ್ಪ ತಾಳ್ಮೆ ವಹಿಸಬೇಕು. ಕಲ್ಲಿನ ಬರಹವನ್ನು ನಾನು ಹೇಗೆ ಓದುತ್ತಾ ಬಂದಿದ್ದೇನೆ ಎಂಬುದು ನನಗೇ ತಿಳಿದದ್ದು ಆ ಆಟವನ್ನು ಎರಡನೇ ಸಲ ಆಡಿದಾಗ.

ಆಟದ ಹೆಸರು ಸ್ಕೈರಿಮ್. ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರ ನವೆಂಬರ್ 11ರಂದು ಹೊರತಂದದ್ದು. ಹಿಮಬೆಟ್ಟಗಳ ಒಂದು ಕಲ್ಪಿತ ನಾಡು, ಅದರಲ್ಲಿ ಒಂಬತ್ತು ಸೀಮೆಗಳು, ಸೀಮೆಗೊಬ್ಬ ಒಡೆಯ, ಒಳಗೊಳಗೇ ಅಂತರ್ಯುದ್ಧ, ಮೇಲೆ ಹಾರಾಡುವ ಡ್ರ್ಯಾಗನ್ನುಗಳು. ಹಾಳುಬಿದ್ದ ಗುಡಿ, ಸಮಾಧಿ, ಬೆಟ್ಟದ ನೆತ್ತಿಗಳಲ್ಲಿ ಅಲ್ಲಲ್ಲಿ ಬಾಗಿದ ದೊಡ್ಡ ಕಲ್ಲಿನ ಗೋಡೆ ಇರುತ್ತದೆ. ಅದರ ತುಂಬ ಡ್ರ್ಯಾಗನ್ ಭಾಷೆಯ ಕೆತ್ತನೆ. ನಾವು ಹತ್ತಿರ ಹೋದಂತೆ ಅದರಲ್ಲಿ ಒಂದೇ ಒಂದು ಪದ ಹೊಳೆಯುತ್ತದೆ, ಮಂತ್ರದಂಥ ಧ್ವನಿ ಏರುತ್ತದೆ, ಆ ಪದದ ಶಕ್ತಿ ನಮ್ಮದಾಗುತ್ತದೆ. ಹಾಸ್ಟೆಲಿನಲ್ಲಿದ್ದಾಗ ಮೊದಲ ಸಲ ಆಡಿದ್ದೆ. ಗೋಡೆ ಕಂಡ ಕೂಡಲೇ ಓಡುವುದು, ಪದ ತಗೊಳ್ಳುವುದು, ತಿರುಗಿ ಓಡುವುದು. ಅಷ್ಟೇ.

ಈ ಬೇಸಿಗೆಯಲ್ಲಿ ನವಲಗುಂದ-ಅಣ್ಣಿಗೇರಿ ಸೀಮೆಯ ನಮ್ಮೂರು ಶಲವಡಿಗೆ ಬಂದಿದ್ದೆ. ಹೊರಗೆ ಕಾಲಿಡಲಾಗದ ಬಿಸಿಲು. ಅಣ್ಣನ ಮಗನ ಜೊತೆ ಕೂತು ಅದೇ ಆಟವನ್ನು ಮತ್ತೆ ಶುರು ಮಾಡಿದೆ. ಮೊದಲ ಗೋಡೆ ಬಂತು, ಪದ ಹೊಳೆಯಿತು, ನಾನು ತಿರುಗಿದೆ. ಹುಡುಗ ಕೇಳಿದ:

“ಕಾಕಾ, ಒಂದ್ ಪದ ಅಷ್ಟ ತಗೊಂಡ್ರಿ. ಉಳದದ್ದ ಏನ್ ಬರದೈತಿ?”

ಎಷ್ಟೋ ತಾಸು ಆಡಿದ್ದ ಆಟ. ಉಳಿದದ್ದು ಏನೆಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ನಮ್ಮ ಆಟದ ರೀತಿ ಬದಲಾಯಿತು. ಈ ಲಿಪಿಯಲ್ಲಿ 34 ಚಿಹ್ನೆಗಳಿವೆ. ದೀರ್ಘ ‘ಆ’, ‘ಈ’ಗಳಂಥ ಧ್ವನಿಗಳಿಗೆ ಬೇರೆಯೇ ಒಂದೊಂದು ಅಕ್ಷರ. ಅಕ್ಷರಗಳೆಲ್ಲ ಉಗುರಿನ ಗೀರುಗಳು ಮತ್ತು ಒಂದೊಂದು ಚುಕ್ಕೆ. ಡ್ರ್ಯಾಗನ್ ಪಂಜಾದಿಂದ ಬಂಡೆಯನ್ನು ಗೀರಿದರೆ ಹೇಗೆ ಕಾಣಬೇಕೋ ಹಾಗೆಯೇ ಚಿತ್ರಕಾರ ಆಡಮ್ ಆಡಮೊವಿಚ್ ಲಿಪಿಯನ್ನು ರೂಪಿಸಿದ್ದರು. ಭಾಷೆಯನ್ನು ಕಟ್ಟಿದವರು ಎಮಿಲ್ ಪಾಗ್ಲಿಯರುಲೊ. ಬರೆಯುವ ಸಾಧನ ಅಕ್ಷರದ ರೂಪವನ್ನು ನಿರ್ಧರಿಸುತ್ತದೆ ಎಂಬುದು ಲಿಪಿಶಾಸ್ತ್ರದ ಮೊದಲ ಪಾಠ. ತಾಳೆಗರಿ ಸೀಳದಿರಲೆಂದು ನಮ್ಮ ಅಕ್ಷರಗಳು ದುಂಡಗಾದವು ಎಂಬ ವಿವರಣೆಯನ್ನು ಎಲ್ಲರೂ ಕೇಳಿದ್ದೇವೆ. ಆಟ ಮಾಡಿದವರು ಆ ಪಾಠವನ್ನು ಮರೆತಿರಲಿಲ್ಲ.

ಲಿಪಿಗಿಂತ ಹೆಚ್ಚು ಬೆರಗಾದದ್ದು ಪಠ್ಯದಿಂದ. ಗೋಡೆಗಳಲ್ಲಿ ಬಹಳಷ್ಟು ಸ್ಮಾರಕ ಬರಹಗಳೇ. ‘ಈ ಕಲ್ಲು ಇಂಥವರನ್ನು ನೆನೆಯುತ್ತದೆ’ ಎಂಬ ಧಾಟಿಯ ಸಾಲು ಮತ್ತೆ ಮತ್ತೆ ಬರುತ್ತದೆ, ನಮ್ಮ ಶಾಸನಗಳಲ್ಲಿ ‘ಸ್ವಸ್ತಿ’ ಬಂದ ಹಾಗೆ. ಒಂದು ಗೋಡೆ ಇಗ್ಲಿಫ್ ಎಂಬವನದು. ಅವನು ಯುದ್ಧದಲ್ಲಿ ಕೀರ್ತಿ ಪಡೆದು ಸಾಯಲಿಲ್ಲ, ರೋಗದಿಂದ ಸವೆದು ಸತ್ತ ಎಂದು ಅದು ಹೇಳುತ್ತದೆ. ಅವನ ಬಿರುದು ‘ಈಜ್-ಸೋಸ್’, ಅಂದರೆ ಹಿಮರಕ್ತ. ಆ ಗೋಡೆಯಲ್ಲಿ ಹೊಳೆಯುವ ಪದ ‘ಈಜ್’, ಹಿಮ. ಸತ್ತವನ ಹೆಸರಿನ ಅರ್ಧವನ್ನು ಕಿತ್ತುಕೊಂಡು ನಾನು ವರ್ಷಗಟ್ಟಲೆ ವೈರಿಗಳನ್ನು ಹೆಪ್ಪುಗಟ್ಟಿಸುತ್ತಾ ತಿರುಗಿದ್ದೆ. ಆತ ಯಾರು, ಹೇಗೆ ಸತ್ತ ಎಂದು ಕೇಳಿರಲಿಲ್ಲ.

ಶಾಸನಾಸಕ್ತರಾದ ನಾವೂ ಇದನ್ನೇ ಮಾಡುತ್ತೇವೆ ಅಲ್ಲವೇ? ಒಂದು ಶಾಸನ ಸಿಕ್ಕರೆ ಕಣ್ಣು ಮೊದಲು ಹುಡುಕುವುದು ರಾಜನ ಹೆಸರು, ಶಕವರ್ಷ. ಅವು ನಮ್ಮ ಹೊಳೆಯುವ ಪದಗಳು. ಸಿಕ್ಕವೋ, ಫೋಟೋ ಹೊಡೆದು ‘ಕಲ್ಯಾಣ ಚಾಲುಕ್ಯರ ಕಾಲದ್ದು’ ಎಂದು ಬರೆದು ಮುಂದೆ ಹೋಗುತ್ತೇವೆ.

ಅಣ್ಣಿಗೇರಿಯನ್ನೇ ನೋಡಿ. ಅಲ್ಲಿ ಬಾದಾಮಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ 6ನೇ ಆಳ್ವಿಕೆ ವರ್ಷದ, ಅಂದರೆ 8ನೇ ಶತಮಾನದ ನಡುವಿನ, ಕಂಬದ ಶಾಸನವಿದೆ. ಕೀರ್ತಿವರ್ಮನೆಂದರೆ ಆ ವಂಶದ ಕೊನೆಯ ಅರಸ ಎಂದು ನಮಗೆ ಥಟ್ಟನೆ ನೆನಪಾಗುತ್ತದೆ. ಆದರೆ ಶಾಸನದ ವಿಷಯ ಜೇಬುಳಗೇರಿಯ ಗಾಮುಂಡ ಕಲಿಯಮ್ಮ ಕಟ್ಟಿಸಿದ ಚೇದಿಯ, ಜೈನ ಚೈತ್ಯ. ‘ಅಮ್ಮ’ ಎಂದು ಕೊನೆಯಾಗುವ ಹೆಸರು ಅಂದಿನ ಗಂಡಸರಿಗೂ ಇರುತ್ತಿತ್ತು ಎಂಬ ಚಿಕ್ಕ ಸಂಗತಿಯೂ ಇದರಿಂದ ಸಿಗುತ್ತದೆ. ರಾಜನ ಹೆಸರು ಅಲ್ಲಿರುವುದು ಕಾಲ ತಿಳಿಸಲಿಕ್ಕೆ. ಕಲ್ಲು ನಿಂತಿರುವುದು ಊರಗೌಡನ ಕೆಲಸಕ್ಕೆ.

ಆತಕೂರಿನ ಕಲ್ಲು ಇನ್ನೂ ದೊಡ್ಡ ಉದಾಹರಣೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಇಮ್ಮಡಿ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಬನವಾಸಿ-12000, ಬೆಳ್ವೊಲ-300, ಪುರಿಗೆರೆ-300 ಮೊದಲಾದ ನಾಡುಗಳನ್ನು ಕೊಟ್ಟ ವಿವರ ಅದರಲ್ಲಿದೆ. ಬೆಳ್ವೊಲ ಎಂದರೆ ಅಣ್ಣಿಗೇರಿ ಸುತ್ತಲಿನ ನಮ್ಮ ಎರಿ ನೆಲ. ನಾನು ಆ ಶಾಸನವನ್ನು ಮೊದಲು ಓದಿದ್ದೇ ‘ನಮ್ಮ ನಾಡು ಬಹುಮಾನವಾಗಿ ಹೋಯಿತಲ್ಲ’ ಎಂಬ ಕುತೂಹಲಕ್ಕೆ. ಅದೇ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ಕಥೆಯೂ ಇದೆ. ಬೂತುಗನ ಸೇವಕ ಮಣಲೇರ ಆ ನಾಯಿಯನ್ನು ಕೇಳಿ ಪಡೆದಿದ್ದ. ಅದು ಹಂದಿಯೊಂದಿಗೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ನಾಡುಗಳ ಲೆಕ್ಕದಷ್ಟೇ ನಾಯಿಯ ಸಾವೂ ಆ ಕಾಲದವರಿಗೆ ಬರೆಸಿಡತಕ್ಕ ಸಂಗತಿಯಾಗಿತ್ತು.

ಸ್ಕೈರಿಮ್‌ನ ಇನ್ನೊಂದು ಗುಣ ಮರು ಆಟದಲ್ಲಿ ಕಂಡಿತು. ಆಟದೊಳಗೆ ನೂರಾರು ಪುಸ್ತಕಗಳಿವೆ. ಒಂದೇ ಘಟನೆಯನ್ನು ಅವು, ಅಲ್ಲಿನ ಜನ ಬೇರೆ ಬೇರೆಯಾಗಿ ಹೇಳುತ್ತಾರೆ. ಉಲ್ಫ್ರಿಕ್ ಎಂಬ ಬಂಡುಕೋರ ನಾಯಕನನ್ನು ಒಂದು ಪುಸ್ತಕ ಕ್ರೂರಿ ಎಂದು ಚಿತ್ರಿಸುತ್ತದೆ. ಅವನ ಕಡೆಯವರಿಗೆ ಅವನೇ ಬಿಡುಗಡೆ ತಂದವನು. ಯಾವುದು ಸತ್ಯ ಎಂದು ಆಟ ತೀರ್ಪು ಕೊಡುವುದಿಲ್ಲ. ಪಕ್ಷವಿಲ್ಲದ ಬರಹ ಆ ಲೋಕದಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

ಇದಕ್ಕೂ ಅಣ್ಣಿಗೇರಿಯೇ ಸಾಕ್ಷಿ. ಎಪಿಗ್ರಾಫಿಯಾ ಇಂಡಿಕಾದ 15ನೇ ಸಂಪುಟದಲ್ಲಿ ಬಾರ್ನೆಟ್ ಸಂಪಾದಿಸಿದ ಗಾವರವಾಡ ಮತ್ತು ಅಣ್ಣಿಗೇರಿಯ ಶಾಸನಗಳು 1071-72ರ ಹೊತ್ತಿನವು. ಚೋಳ ಅರಸ ಬೆಳ್ವೊಲಕ್ಕೆ ನುಗ್ಗಿ, ಗಂಗ ಪೆರ್ಮಾಡಿ ಕಟ್ಟಿಸಿದ ಬಸದಿಯನ್ನು ಸುಟ್ಟ, ಕೊನೆಗೆ ಸೋಮೇಶ್ವರನಿಗೆ ಯುದ್ಧದಲ್ಲಿ ತಲೆ ಒಪ್ಪಿಸಿದ ಎಂದು ಅವು ಹೇಳುತ್ತವೆ. ಇದು 1054ರ ಸುಮಾರಿನ ಕೊಪ್ಪಂ ಯುದ್ಧದಲ್ಲಿ ರಾಜಾಧಿರಾಜ ಸತ್ತ ಸಂಗತಿ. ಚೋಳ ಶಾಸನಗಳನ್ನು ತೆರೆದರೆ ಅದೇ ಯುದ್ಧದಲ್ಲಿ ಅವನ ತಮ್ಮ ಇಮ್ಮಡಿ ರಾಜೇಂದ್ರ ರಣರಂಗದಲ್ಲೇ ಪಟ್ಟವೇರಿ ಗೆದ್ದ. ಎರಡೂ ಕಲ್ಲಿನಲ್ಲಿ ಕೊರೆದ ಮಾತು. ಆದರೆ ಗಾವರವಾಡದ ಶಾಸನ ಹುಟ್ಟಿದ್ದು ಈ ಜಯದ ಹೆಮ್ಮೆಗಾಗಿ ಅಲ್ಲ. ಸುಟ್ಟ ಬಸದಿಯನ್ನು ಬೆಳ್ವೊಲ ಆಳುತ್ತಿದ್ದ ಮಹಾಮಂಡಳೇಶ್ವರ ಲಕ್ಷ್ಮರಸ ಮತ್ತೆ ನಡೆಯುವಂತೆ ಮಾಡಿದ್ದಕ್ಕಾಗಿ. ರಾಜರ ಕಾಳಗ ಮುಗಿದು ಹದಿನೆಂಟು ವರ್ಷದ ಮೇಲೆ ಈ ಎರಿ ನೆಲದ ಜನ ದುರಸ್ತಿಯ ಕೆಲಸದಲ್ಲಿದ್ದರು.

ಇಷ್ಟೆಲ್ಲ ಹುಡುಗನಿಗೆ ಹೇಳುತ್ತಾ ಕೂತಾಗ ಅವನು ಇನ್ನೊಂದು ಮಾತು ಕೇಳಿದ: “ಮತ್ತ ನಮ್ಮೂರಾಗಿನ ಕಲ್ಲ?”

ಗುಡಿ ಕಟ್ಟೆಯ ಬದಿಗೆ ಒಂದು ವೀರಗಲ್ಲಿದೆ. ಅಕ್ಷರವಿಲ್ಲ. ಸಣ್ಣಂದಿನಲ್ಲಿ ಅದರ ಮೇಲೆ ಕೂತಿದ್ದೇನೆ. ಅದರ ಅಂಚಿಗೆ ಕುಡಗೋಲು ಮಸೆದು ಮಸೆದು ಆದ ತಗ್ಗುಗಳಿವೆ. ಸಂಜೆ ಇಬ್ಬರೂ ಹೋದೆವು. ಎರಡು ವರ್ಷದ ಹಿಂದೆ ಕಟ್ಟೆಯನ್ನು ಎತ್ತರಿಸಿ ಕಾಂಕ್ರೀಟ್ ಹಾಕಿದ್ದಾರೆ, ಮಂದಿ ಕೂರಲಿಕ್ಕೆ ಅನುಕೂಲ ಆಗಲೆಂದು. ಕಲ್ಲನ್ನು ಯಾರೂ ಕೆಡವಿಲ್ಲ. ಇದ್ದಲ್ಲೇ ಬಿಟ್ಟು ಸುತ್ತಲೂ ಹಾಕಿದ್ದಾರೆ. ಮೇಲಿನ ಪಟ್ಟಿಕೆಯ ಲಿಂಗ, ಸೂರ್ಯಚಂದ್ರರು ಕಾಣುತ್ತಾರೆ. ನಡುವೆ ವೀರನನ್ನು ಒಯ್ಯುವ ಅಪ್ಸರೆಯರು ಸೊಂಟದವರೆಗೆ ಕಾಣುತ್ತಾರೆ. ಕೆಳಗಿನ ಪಟ್ಟಿಕೆ ಹೂತುಹೋಗಿದೆ. ವೀರಗಲ್ಲಿನಲ್ಲಿ ಕಾಳಗ ಇರುವುದು ಅಲ್ಲಿ. ಸತ್ತದ್ದು ಯಾಕೆ ಎಂಬುದು ತಿಳಿಯುವುದೂ ಅಲ್ಲಿಯೇ.

ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಹೇಳಿದರು: “ಆಕಳ ಸಲುವಾಗಿ ಸತ್ತಾಂವನ ಕಲ್ಲು ಅಂತಿದ್ರು ನಮ್ಮಪ್ಪ.”

“ಹೆಸರೇನ್ರಿ ಅಜ್ಜಾ ಅವಂದು?”

“ಹೆಸರ ಯಾರಿಗ್ ಗೊತ್ತೋ ತಮ್ಮಾ. ದೀವಳಿಗ್ಗೆ ಎಣ್ಣಿ ಹಚ್ಚತಿದ್ವಿ.”

ಮನೆಗೆ ಬಂದು ಹಳೆಯ ಮೊಬೈಲು ಹುಡುಕಿದೆ. ಒಂದೇ ಒಂದು ಫೋಟೋ ಸಿಕ್ಕಿತು. ಮೂರು ವರ್ಷದ ಇದೇ ಹುಡುಗ ಕಟ್ಟೆ ಮೇಲೆ ನಿಂತಿದ್ದಾನೆ, ಹಿಂದೆ ಕಲ್ಲು. ಅವನ ಕಾಲಿನ ಸಂದಿಯಲ್ಲಿ ಕೆಳಪಟ್ಟಿಕೆಯ ಒಂದು ಮೂಲೆ. ಹಿಗ್ಗಿಸಿ ನೋಡಿದರೆ ಎರಡು ಕೊಂಬು. ತುರುಗೊಳ್ ಇರಬೇಕು. ದನ ಹೊಡಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಹಿರಿಯರ ಮಾತೂ, ಫೋಟೋದ ಕೊಂಬೂ ಕೂಡುತ್ತವೆ. ಇದಕ್ಕಿಂತ ಹೆಚ್ಚು ಹೇಳಲು ಆಧಾರ ನನ್ನ ಬಳಿ ಇಲ್ಲ.

ಕಾಂಕ್ರೀಟ್ ಹಾಕಿದವರನ್ನು ಬೈಯಲು ನನಗೆ ಬಾಯಿಲ್ಲ. ಇಪ್ಪತ್ತು ವರ್ಷ ಶಾಸನ ಶಾಸನ ಎಂದು ತಿರುಗಿದವನು ನಾನು. ಅಕ್ಷರವಿಲ್ಲ, ಹೊಳೆಯುವ ಪದವಿಲ್ಲ ಎಂದು ನಮ್ಮೂರ ಕಲ್ಲನ್ನು ಒಂದು ಸಲವೂ ಅಳೆಯಲಿಲ್ಲ. ಆಳದ ಎರಿ ನೆಲದಲ್ಲಿ ಅಂಥ ಚಪ್ಪಡಿ ಸುಮ್ಮನೆ ಸಿಗುವುದಿಲ್ಲ. ಯಾರೋ ಖರ್ಚು ಮಾಡಿ, ಗಾಡಿ ಕಟ್ಟಿ ತರಿಸಿದ್ದಾರೆ. ಅಷ್ಟಾದರೂ ಯೋಚಿಸಬೇಕಿತ್ತು. ಆಟವನ್ನು ಹಿಂದಿನ ಸೇವ್‌ನಿಂದ ಮತ್ತೆ ತೆರೆಯಬಹುದು, ಇಗ್ಲಿಫನ ಗೋಡೆ ಅಲ್ಲೇ ಇರುತ್ತದೆ.

ಆದ್ದರಿಂದ ಮಿತ್ರರಲ್ಲಿ ಒಂದು ವಿನಂತಿ. ಊರಿಗೆ ಹೋದಾಗ ಅಕ್ಷರವಿಲ್ಲದ ಕಲ್ಲುಗಳನ್ನೂ ಬುಡದಿಂದ ತುದಿಯವರೆಗೆ ಫೋಟೋ ತೆಗೆಯಿರಿ. ಎತ್ತರ, ಅಗಲ, ಮುಖ ಮಾಡಿದ ದಿಕ್ಕು ಬರೆದುಕೊಳ್ಳಿ. ಅಲ್ಲಿ ಕೂತ ಹಿರಿಯರನ್ನು ಕೇಳಿ, ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆಯಿರಿ.

ಮರುದಿನ ಹುಡುಗ ಟೇಪು ಹಿಡಿದು ಹೋಗಿ ಅಳೆದು ಬಂದ. ಅವನ ನೋಟ್‌ಬುಕ್ಕಿನಲ್ಲಿ ಅಳತೆ, ದಿಕ್ಕು, ಅಜ್ಜ ಹೇಳಿದ ಆಕಳ ಮಾತು ಎಲ್ಲ ಇದೆ. ಕಡೆಯ ಸಾಲು ಹೀಗಿದೆ: ‘ಕೆಳಗಿನ ಪಟ್ಟಿ ಕಾಂಕ್ರೀಟ್ ಕೆಳಗೆ ಐತಿ. ತಗದ ಮ್ಯಾಲೆ ನೋಡಬೇಕು.’