ಕೇರಿ: ಪದವೊಂದು, ನೆಲೆ ಹಲವು

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಘೋಡಗೇರಿಯ ಹೆಸರಿನ ಕೊನೆಯಲ್ಲಿರುವ 'ಗೇರಿ', ಕನ್ನಡದ 'ಕೇರಿ'ಯ ಸಂಧಿರೂಪವೆಂದು ತೋರುತ್ತದೆ. ಸಮಾಸದಲ್ಲಿ ಕಕಾರವು ಗಕಾರವಾಗುವುದು ಆದೇಶಸಂಧಿ. ಮೊದಲ ಭಾಗ ಮರಾಠಿಯ 'ಘೋಡಾ' (ಕುದುರೆ) ಪದವನ್ನು ನೆನಪಿಸುತ್ತದೆ. ಗಡಿನಾಡಿನಲ್ಲಿ ಇಂಥ ಬೆರಕೆ ಸಹಜ. ಹುಕ್ಕೇರಿಯನ್ನೂ ಜನರು 'ಹೂವಿನಕೇರಿ'ಯೆಂದೇ ಬಿಡಿಸುತ್ತಾರೆ.

ಕೇರಿ ಎಂದರೆ ಬೀದಿ, ಮನೆಗಳ ಸಾಲು. ತುಳು, ಕೊಡವ ಭಾಷೆಗಳಲ್ಲಿಯೂ ಇದು ಕೇರಿಯೇ, ತೆಲುಗಿನಲ್ಲಿ 'ಗೇರಿ'. ತಮಿಳು, ಮಲಯಾಳಗಳಲ್ಲಿ ಮೂಲ ಕಕಾರ ಚಕಾರವಾಯಿತು: ನಮ್ಮ ಕಿವಿ ಅಲ್ಲಿ 'ಚೆವಿ', ಕೇರಿ 'ಚೇರಿ'. ಪುದುಚೇರಿ ಎಂದರೆ ಹೊಸ ಊರು.

ಧ್ವನಿಗಿಂತ ಅರ್ಥದ ಬದಲಾವಣೆಯೇ ದೊಡ್ಡದು. 10ನೆಯ ಶತಮಾನದ ಉತ್ತರಮೇರೂರು ಶಾಸನದಲ್ಲಿ ಬ್ರಾಹ್ಮಣ ಅಗ್ರಹಾರದ ವಿಭಾಗಗಳೂ ಚೇರಿಗಳೇ. ಇಂದು ತಮಿಳಿನಲ್ಲಿ ಬರಿಯ 'ಚೇರಿ' ಎಂದರೆ ದಲಿತರ ವಸತಿ. ಕನ್ನಡದಲ್ಲಿಯೂ 'ಊರು' ಎಂಬುದರ ಎದುರು ನಿಂತಾಗ ಕೇರಿ ಊರ ಹೊರಗಿನದು; ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಎಂದೇ ಹೆಸರಿಟ್ಟರು.