ಹದಿನೆಂಟು ತುಂಬಿ ಆಶ್ರಮ ಬಿಟ್ಟವರಿಗೆ ಕ್ರಿಸ್ಮಸ್ ಎಲ್ಲಿ?

ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಅನಾಥಾಲಯಗಳಿಗೆ ಅತಿಥಿಗಳ ಕೊರತೆಯಿಲ್ಲ. ಒಂದು ದಿನ ಯುವಜನ ಸಂಘಟನೆಯವರು ಕೇಕ್ ತರುತ್ತಾರೆ, ಮರುದಿನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಹೊಸ ಬಟ್ಟೆ ಹಂಚುತ್ತಾರೆ, ಇನ್ನೊಂದು ದಿನ ಯಾವುದಾದರೂ ವಾಳೆಯವರು ಮಧ್ಯಾಹ್ನದ ಊಟ ವಹಿಸಿಕೊಳ್ಳುತ್ತಾರೆ. ಇದೆಲ್ಲ ಒಳ್ಳೆಯದೇ. ಆದರೆ ಕಳೆದ ವರ್ಷ ಅದೇ ಮಕ್ಕಳ ಸಾಲಿನಲ್ಲಿ ನಿಂತು ಕ್ಯಾರಲ್ ಹಾಡಿ, ಈ ವರ್ಷ ಹದಿನೆಂಟು ತುಂಬಿ ಹೊರಬಂದ ಯುವಕ ಯುವತಿಯರು ಈಗ ಎಲ್ಲಿದ್ದಾರೆ ಎಂದು ನಾವು ಕೇಳುವುದು ಅಪರೂಪ.

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ಒಬ್ಬ ಯುವಕ ಗೋದಲಿಯ ಪಕ್ಕದಲ್ಲೇ ನಿಂತಿದ್ದ. ಪೇಟೆಯ ಹೋಟೆಲಿನಲ್ಲಿ ಕೆಲಸ. ಮರುದಿನ ಹೋಟೆಲಿಗೆ ರಜೆ, ಜತೆಗಿದ್ದ ಹುಡುಗರು ತಮ್ಮ ಊರಿಗೆ ಹೋಗಿದ್ದರು. ಬೆಳೆದ ಆಶ್ರಮಕ್ಕೆ ಹೋಗಬಹುದಿತ್ತಲ್ಲ ಎಂದೆವು. "ನನ್ನ ಮಂಚ ಈಗ ಬೇರೆಯವನಿಗೆ ಕೊಟ್ಟಾಗಿದೆ ಫಾದರ್" ಎಂದ. ಕುಸ್ವಾರಿನ ಒಂದು ಪೊಟ್ಟಣ ಕೈಗಿತ್ತು ಕಳುಹಿಸಿದೆವು. ಊಟಕ್ಕೆ ಕರೆಯಬೇಕಿತ್ತು ಎಂದು ನಮಗೆ ಹೊಳೆದದ್ದು ಮರುದಿನ, ಊಟಕ್ಕೆ ಕುಳಿತಾಗ.

ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. 2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲ ನ್ಯಾಯ ಕಾಯ್ದೆಯ 46ನೇ ಕಲಂ, ಹದಿನೆಂಟು ತುಂಬಿ ಮಕ್ಕಳ ಪಾಲನಾ ಸಂಸ್ಥೆಯನ್ನು ಬಿಡುವವರಿಗೆ ಸಮಾಜದಲ್ಲಿ ನೆಲೆ ನಿಲ್ಲಲು ಹಣಕಾಸಿನ ನೆರವು ನೀಡಬಹುದು ಎನ್ನುತ್ತದೆ. 'ನೀಡಬೇಕು' ಎನ್ನುವುದಿಲ್ಲ, 'ನೀಡಬಹುದು' ಎನ್ನುತ್ತದೆ. ಆದ್ದರಿಂದ ಕೇಳುವವರು ಬೇಕು. ಈ ವ್ಯವಸ್ಥೆಗೆ ಅನುಪಾಲನೆ ಎಂದು ಹೆಸರು. 2016ರ ಮಾದರಿ ನಿಯಮಗಳಂತೆ ಇದು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಸಿಗುತ್ತದೆ. ಆರರಿಂದ ಎಂಟು ಮಂದಿ ಒಟ್ಟಾಗಿ ವಾಸಿಸುವ ತಾತ್ಕಾಲಿಕ ಮನೆ, ತರಬೇತಿಯ ಕಾಲದಲ್ಲಿ ವಿದ್ಯಾರ್ಥಿವೇತನ, ಉದ್ಯೋಗ ಹುಡುಕಲು ಸಹಾಯ, ಆಪ್ತ ಸಮಾಲೋಚನೆ, ಸ್ವಂತ ಉದ್ಯೋಗಕ್ಕೆ ಸಾಲ ಇವೆಲ್ಲ ಅದರಲ್ಲಿ ಸೇರಿವೆ. ಮಗು ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಸಿದ್ಧಪಡಿಸಿ ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿ ಅನುಪಾಲನೆಗೆ ತಲಾ ತಿಂಗಳಿಗೆ 4000 ರೂಪಾಯಿ ನಿಗದಿ ಮಾಡಿದೆ. ವಿಚಾರಿಸಬೇಕಾದ ಜಾಗ ಆಯಾ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ. ಹದಿನೆಂಟರ ಪ್ರಾಯದವರು ಒಬ್ಬರೇ ಕಚೇರಿಗೆ ಹೋಗಿ ಕೇಳುವುದು ಎಷ್ಟು ಕಷ್ಟ ಎಂಬುದು ನಮ್ಮ ನಮ್ಮ ಮಕ್ಕಳನ್ನು ನೆನೆದರೆ ತಿಳಿಯುತ್ತದೆ. ಜತೆಗೆ ಹೋಗುವ ಒಬ್ಬ ಹಿರಿಯರಿದ್ದರೆ ಅರ್ಧ ಕೆಲಸ ಆದಂತೆ.

ಹಣಕ್ಕಿಂತ ಮೊದಲು ಕಾಗದಪತ್ರ. ಆಧಾರ್, ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇವಿಲ್ಲದೆ ಹಾಸ್ಟೆಲೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಆಧಾರ್‌ನಲ್ಲಿ ವಿಳಾಸಕ್ಕೆ ಮಾನ್ಯತೆ ಪಡೆದ ಆಶ್ರಮದ ಮುಖ್ಯಸ್ಥರು ನೀಡುವ ಪ್ರಮಾಣಪತ್ರ ಸಾಕಾಗುತ್ತದೆ. ಹೊರಹೋದ ಮೇಲೆ ಆ ಅನುಕೂಲ ತಪ್ಪುತ್ತದೆ. ಕೆಥೋಲಿಕರಾದರೆ ಜ್ಞಾನಸ್ನಾನ ಮತ್ತು ದೃಢೀಕರಣದ ಪತ್ರಗಳನ್ನೂ ಆಗಲೇ ಕೊಟ್ಟುಬಿಡುವುದು ಒಳ್ಳೆಯದು. ಮುಂದೆ ಮದುವೆಯ ಹೊತ್ತಿಗೆ "ನಿನ್ನ ಧರ್ಮಕೇಂದ್ರ ಯಾವುದು?" ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ತಲೆತಗ್ಗಿಸಿದವರನ್ನು ನಾವು ಕಂಡಿದ್ದೇವೆ.

ಕೈಗೆ ಕಸುಬು ಕೊಟ್ಟು ಕಳುಹಿಸುವುದು ನಮಗೆ ಹೊಸತಲ್ಲ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಯೇಸುಸಭೆಯ ಗುರುಗಳು ಜೆಪ್ಪುವಿನ ಸಂತ ಜೋಸೆಫರ ಅನಾಥಾಲಯದ ಜತೆಗೆ ಕಾರ್ಯಾಗಾರವನ್ನೂ ಬೆಳೆಸಿದರು. ಮರಗೆಲಸ, ಕಬ್ಬಿಣದ ಕೆಲಸ, ಪ್ರತಿಮೆ ಮಾಡುವ ಕೆಲಸ ಅಲ್ಲಿ ಕಲಿಸಲಾಗುತ್ತಿತ್ತು. ನಮ್ಮ ಹಳೆಯ ಇಗರ್ಜಿಗಳಲ್ಲಿ ಜೆಪ್ಪುವಿನಿಂದ ಬಂದ ಪೀಠ, ಪ್ರತಿಮೆಗಳನ್ನು ಇಂದಿಗೂ ಕಾಣಬಹುದು.

ಇನ್ನು ಕ್ರಿಸ್ಮಸ್ ವಿಷಯ. ಆಗಮನ ಕಾಲದ ಆರಂಭದಲ್ಲೇ ಧರ್ಮಗುರುಗಳು ಅಥವಾ ಪಾಲನಾ ಪರಿಷತ್ತಿನವರು ಹತ್ತಿರದ ಸಂಸ್ಥೆಯ ಮುಖ್ಯಸ್ಥರನ್ನು ಕಂಡು, ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಹೊರಹೋದವರ ಬಗ್ಗೆ ವಿಚಾರಿಸಲಿ. ಅವರ ಒಪ್ಪಿಗೆ ಪಡೆದ ನಂತರವೇ ಸಂಪರ್ಕಿಸಲಿ. ಕರೆಯುವುದು ಹಬ್ಬದ ದಿನಕ್ಕೆ ಮಾತ್ರವಲ್ಲ. ಹಿಂದಿನ ವಾರ ನೆವ್ರಿ ಮಡಚುವುದಕ್ಕೆ, ಗೋದಲಿ ಕಟ್ಟುವುದಕ್ಕೆ ಕರೆದರೆ ಅವರು ಅತಿಥಿಗಳಾಗಿ ಉಳಿಯುವುದಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ನೋಡಿಕೊಳ್ಳುವುದಕ್ಕಿಂತ ಒಬ್ಬರಿಗೆ ಒಂದೇ ಕುಟುಂಬ ಇರುವುದು ಉತ್ತಮ: ಜ್ವರ ಬಂದಾಗ, ಬಾಡಿಗೆ ಮನೆಯವರು ಪರಿಚಯದವರ ಹೆಸರು ಕೇಳಿದಾಗ ಫೋನ್ ಮಾಡಲು ಒಂದು ನಂಬರ್. ಜನವರಿಯಲ್ಲೂ ಜೂನ್‌ನಲ್ಲೂ ಅದು ಅದೇ ನಂಬರ್ ಆಗಿರಬೇಕು.

ಕೆಲವು ಎಚ್ಚರಿಕೆಗಳೂ ಬೇಕು. ಅನಾಥಾಲಯದಲ್ಲಿ ಬೆಳೆದವರೆಲ್ಲ ಅನಾಥರಲ್ಲ. ಎಷ್ಟೋ ಮಂದಿಗೆ ತಾಯಿಯೋ ತಂದೆಯೋ ಇದ್ದಾರೆ. ಹಾಗೆಂದು "ನಿನ್ನ ಮನೆಗೆ ಏಕೆ ಹೋಗಲಿಲ್ಲ?" ಎಂದು ಊಟದ ಮೇಜಿನಲ್ಲಿ ಕೇಳಬೇಡಿ. ಆಸರೆಯ ಹೆಸರಿನಲ್ಲಿ ಹುಡುಗಿಯರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಸಹಾಯವಲ್ಲ, ಇದನ್ನು ಬರೆಯಲು ನಮಗೆ ಮುಜುಗರವಾದರೂ ಬರೆಯಲೇಬೇಕು. ಬಾಲಮಂದಿರಗಳಿಂದ ಬಂದ ಹಿಂದೂ, ಮುಸ್ಲಿಂ ಯುವಜನರೂ ಇರುತ್ತಾರೆ. ಅವರಿಗೆ ಊಟ ಮತ್ತು ಸ್ನೇಹ ಸಾಕು, ಪೂಜೆಗೆ ಬಾ ಎಂಬ ಒತ್ತಾಯ ಬೇಡ. ಕೊನೆಯದಾಗಿ ಫೋಟೋ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಗುರುತು ಮಾಧ್ಯಮದಲ್ಲಿ ಪ್ರಕಟವಾಗುವುದನ್ನು ನಿಷೇಧಿಸಿದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕೇಕ್ ಹಂಚಿದ ಚಿತ್ರಗಳನ್ನು ಕಳುಹಿಸಿ "ಹಾಕಲಿಲ್ಲ ಯಾಕೆ?" ಎಂದು ಬೇಸರಿಸುವ ಓದುಗರು ದಯವಿಟ್ಟು ಇದನ್ನು ಗಮನಿಸಬೇಕು. ಹದಿನೆಂಟು ದಾಟಿದವರಿಗೆ ಈ ನಿಷೇಧ ಅನ್ವಯಿಸದಿದ್ದರೂ 'ಆಶ್ರಮದವನು' ಎಂಬ ಶೀರ್ಷಿಕೆಯಡಿ ಫೋಟೋದಲ್ಲಿ ಕಾಣಿಸಿಕೊಳ್ಳುವ ಆಸೆ ಯಾರಿಗೂ ಇರುವುದಿಲ್ಲ.

ಡಿಸೆಂಬರ್ 16ಕ್ಕೆ ಕ್ರಿಸ್ಮಸ್ ನೊವೇನಾ ಆರಂಭ. ಅದಕ್ಕೆ ಮೊದಲೇ ಯಾರ ಮನೆಗೆ ಯಾರು ಎಂದು ನಿಶ್ಚಯಿಸಿ, ಸ್ವತಃ ಹೋಗಿ ಕರೆಯಿರಿ. 24ರ ರಾತ್ರಿ ಪೂಜೆ ಮುಗಿಯುವ ಹೊತ್ತಿಗೆ ಹಳ್ಳಿಗಳ ಕಡೆಗೆ ಬಸ್ಸಿರುವುದಿಲ್ಲ. ಅವರನ್ನು ಮನೆಗೆ ಕರೆದೊಯ್ಯುವ ಗಾಡಿ ಯಾರದ್ದು ಎಂಬುದನ್ನೂ ಆಗಲೇ ಹೇಳಿಬಿಡಿ.