ಸಮುದ್ರ ಸೇರುವ ನೀರು ಪೋಲಾ?

ನಮ್ಮ ಭಂಡಿಗಡಿ ಕಡೆ ಬಿದ್ದ ಮಳೆ ತುಂಗೆ ಸೇರಿ ಪೂರ್ವಕ್ಕೆ ಹರಿಯುತ್ತೆ. ಆಗುಂಬೆ ಘಾಟಿಯ ಆಚೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. 'ಪಶ್ಚಿಮದ ನೀರೆಲ್ಲ ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತೆ' ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಆ ಮಾತನ್ನು ಒರೆಗೆ ಹಚ್ಚೋಕೆ ಶರಾವತಿಯ ಚರಿತ್ರೆಯೇ ಸಾಕು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಜಲಾಶಯ. ಮುಳುಗಿದ ಊರುಗಳ ಕಥೆ ನಮಗೆ ಗೊತ್ತು. ಕೆಳಗೆ, ಹೊನ್ನಾವರದ ಅಳಿವೆಯಲ್ಲಿ ಆದದ್ದನ್ನು ಹೇಳಿದವರು ಕಮ್ಮಿ.

ಅಣೆಕಟ್ಟಿಗೆ ಮೊದಲು ಅಳಿವೆಗೆ ಎರಡು ಕಾಲ ಇತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ಸಿಹಿನೀರು. ಬೇಸಿಗೆಯಲ್ಲಿ ಹೊಳೆ ಬಡವಾದಾಗ ಭರತದ ಜತೆ ಉಪ್ಪುನೀರು ಒಳಗೆ ಬರೋದು. ಚಿಪ್ಪುಜೀವಿಗಳು, ಮೀನು, ಕಾಂಡ್ಲಾ ಗಿಡ ಎಲ್ಲವೂ ಈ ಲೆಕ್ಕಕ್ಕೆ ಹೊಂದಿಕೊಂಡಿದ್ದವು. ಆದರೆ ಕರೆಂಟು ವರ್ಷವಿಡೀ ಬೇಕಲ್ಲ! ಮಳೆಗಾಲದ ನೀರನ್ನು ಕೂಡಿಟ್ಟು, ಟರ್ಬೈನ್ ತಿರುಗಿಸಿ, ಬೇಸಿಗೆಯಲ್ಲೂ ಕೆಳಗೆ ಬಿಟ್ಟರು. ನಮ್ಮ ಆಫೀಸಿನ ಭಾಷೆಯಲ್ಲಿ ಇದು ಲೋಡ್ ಬ್ಯಾಲೆನ್ಸಿಂಗ್. ಗ್ರಿಡ್‌ಗೆ ಒಳ್ಳೇದೇ ಆಯ್ತು, ಅಳಿವೆಗೆ ಮಾತ್ರ ಬೇಸಿಗೆಯೇ ಇಲ್ಲದಂತಾಯ್ತು. ಉಪ್ಪಿನಂಶ ಇಳಿಯಿತು. ಉಪ್ಪು ಬೇಕಾದ ಚಿಪ್ಪುಜೀವಿಗಳು ಬಹುಮಟ್ಟಿಗೆ ಮಾಯವಾದವು, ಮೀನಿನ ಜಾತಿಗಳು ಕಮ್ಮಿಯಾದವು, ಕಾಂಡ್ಲಾದಲ್ಲೂ ಉಪ್ಪು ಕಮ್ಮಿ ಸಾಕೆನ್ನುವ ಜಾತಿಗಳೇ ಮುಂದಾದವು.

ಇದು ಬರೀ ಊಹೆಯಲ್ಲ. ಹೋಲಿಸೋಕೆ ಪಕ್ಕದ ಕುಮಟಾ ತಾಲ್ಲೂಕಿನಲ್ಲೇ ಅಘನಾಶಿನಿ ಇದೆ. ಅದಕ್ಕೆ ದೊಡ್ಡ ಅಣೆಕಟ್ಟಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡಿ. ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದ್ದಾರೆ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಆರಿಸಿ ಸಂಸಾರ ತೂಗಿಸುವವರು ಸಾವಿರಾರು ಜನ. ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು.

ಶರಾವತಿಯ ಕರೆಂಟಿನಿಂದಲೇ ನಾಡು ಬೆಳಗಿದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಖರ್ಚಿನ ಪುಸ್ತಕದಲ್ಲಿ ಬಳಚಿಗೆ ಒಂದು ಸಾಲೂ ಇರಲಿಲ್ಲ. ಬೆಂಗಳೂರಿಗೆ ಲಿಂಗನಮಕ್ಕಿ ನೀರು ತರುವ ಮಾತು 2019ರಲ್ಲಿ ಎದ್ದಿತ್ತು. 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯೂ ಈಗ ಚರ್ಚೆಯಲ್ಲಿದೆ. ಎಷ್ಟು ಟಿಎಂಸಿ ಅಂತ ಕೇಳೋದರ ಜತೆಗೆ, ಯಾವ ತಿಂಗಳಲ್ಲಿ ಎಷ್ಟು ನೀರು ಅಳಿವೆ ಮುಟ್ಟುತ್ತೆ ಅಂತಲೂ ಕೇಳೋಣ. ನಲ್ಲಿ, ಸ್ವಿಚ್ಚು ಎರಡೂ ನಮ್ಮ ಮನೆಯಲ್ಲೇ ಇವೆಯಲ್ಲ.